ಇದ್ದಿಲು ಪುಡಿಯ ಮೋಡ

2022ರ ಜುಲೈ 12, ಮಂಗಳವಾರ. ರಾತ್ರಿ ಎಂಟರಿಂದ ಒಂಬತ್ತು ಗಂಟೆಯ ನಡುವೆ, ಬಾಹ್ಯಾಕಾಶಕ್ಕೆ ಕಳಿಸಿದ್ದ ಹೊಸ ದೂರದರ್ಶಕ ತೆಗೆದ ಮೊದಲ ಬಣ್ಣದ ಚಿತ್ರಗಳು ಬಿಡುಗಡೆಯಾದವು. ಅವುಗಳಲ್ಲಿ ಒಂದು, ಸುಮಾರು 7,600 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಮೋಡದ ಅಂಚಿನದು.

ಆಗ ನಾನು ಒಂದು ಕನ್ನಡ ದಿನಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿ ಕೊನೆಯ ಪುಟ ನೋಡಿಕೊಳ್ಳುತ್ತಿದ್ದೆ. ಪುಟವನ್ನು ಮುದ್ರಣಕ್ಕೆ ಬಿಡಲು ಮುಕ್ಕಾಲು ಗಂಟೆ ಉಳಿದಿತ್ತು. ಇಂಗ್ಲೆಂಡಿನಲ್ಲಿ ಭಾರತದ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದುದರಿಂದ ಕ್ರೀಡಾ ವಿಭಾಗದ ಕಡೆ ಗದ್ದಲವಿತ್ತು. ಚಿತ್ರ ನನ್ನ ಪರದೆಯ ಮೇಲೆ ತೆರೆದುಕೊಂಡಾಗ ಪಕ್ಕದ ಮೇಜಿನವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಅವರ ಪಕ್ಕದವರು ಎದ್ದು ಬಂದರು. ಸ್ವಲ್ಪ ಹೊತ್ತಿಗೆ ಕ್ರೀಡಾ ವಿಭಾಗದವರೂ ಟಿ.ವಿ. ಬಿಟ್ಟು ನನ್ನ ಕುರ್ಚಿಯ ಹಿಂದೆ ನಿಂತಿದ್ದರು.

ಚಿತ್ರದ ಕೆಳಗಿನ ಅರ್ಧ ತುಕ್ಕಿನ ಬಣ್ಣದ ಬೆಟ್ಟಸಾಲು. ಮೇಲಿನ ಅರ್ಧ ನೀಲಿ. ಬೆಟ್ಟದ ಅಂಚಿನಿಂದ ಆವಿಯಂಥದು ಏಳುತ್ತಿತ್ತು. ಎಲ್ಲ ಕಡೆ ಚುಕ್ಕಿಗಳು. ಜೊತೆಗೆ ಬಂದಿದ್ದ ಇಂಗ್ಲಿಷ್ ಟಿಪ್ಪಣಿಯಲ್ಲಿ, ಅಲ್ಲಿನ ಅತಿ ಎತ್ತರದ ಶಿಖರ ಏಳು ಜ್ಯೋತಿರ್ವರ್ಷ ಎಂದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ.

"ಅಂದ್ರೆ ಬುಡದಲ್ಲಿ ಯಾರಾದ್ರೂ ಟಾರ್ಚ್ ಹಾಕಿದ್ರೆ ತುದೀಲಿರೋರಿಗೆ ಕಾಣಕ್ಕೆ ಏಳು ವರ್ಷ," ಎಂದರು ಕ್ರೀಡಾ ವಿಭಾಗದ ಹಿರಿಯರು. "ಅಷ್ಟರಲ್ಲಿ ಇವತ್ತು ಹುಟ್ಟಿದ ಮಗು ಎರಡನೇ ಕ್ಲಾಸಿಗೆ ಹೋಗಿರುತ್ತೆ."

ಯಾರೂ ನಗಲಿಲ್ಲ. ಪಂದ್ಯದಲ್ಲಿ ಏನೋ ಆಗಿ ಟಿ.ವಿ. ಕೂಗಿತು. ಅದಕ್ಕೂ ಯಾರೂ ತಿರುಗಲಿಲ್ಲ.

ಆಮೇಲೆ ನಾನು ಶೀರ್ಷಿಕೆ ಕೊಡಬೇಕಿತ್ತು. ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕೂತವರಿಗೆ ಪದಗಳು ಅಳತೆಯ ಪ್ರಕಾರ ಬರುತ್ತವೆ, ಅರ್ಥದ ಪ್ರಕಾರ ಅಲ್ಲ. ನಾಲ್ಕು ಅಂಕಣದ ಅಗಲಕ್ಕೆ 'ಅನಿಲ ಮತ್ತು ದೂಳಿನ ಮೋಡ' ಸಾಲುತ್ತಿರಲಿಲ್ಲ. 'ಬೆಂಕಿಬೆಟ್ಟದಲ್ಲಿ ತಾರೆಗಳ ತೊಟ್ಟಿಲು' ಸರಿಯಾಗಿ ಕೂತಿತು. ಪ್ರಾಸವೂ ಸಿಕ್ಕಿತು. ಚಿತ್ರದ ಕೆಳಗೆ ಒಂದು ಸಾಲು ಬರೆದೆ: 'ಉರಿಯುವ ಅನಿಲದ ಬೆಟ್ಟಗಳ ಒಡಲಲ್ಲಿ ಹುಟ್ಟುತ್ತಿರುವ ಹೊಸ ನಕ್ಷತ್ರಗಳು'. ಬಣ್ಣ ಕಿತ್ತಳೆ, ನಕ್ಷತ್ರವೆಂದರೆ ಉರಿ. ಇನ್ನೊಮ್ಮೆ ಯೋಚಿಸುವ ಅಗತ್ಯ ಕಾಣಲಿಲ್ಲ. ಟಿಪ್ಪಣಿಯ ಕೊನೆಯ ಭಾಗವನ್ನು ನಾನು ಓದಿರಲಿಲ್ಲ. ಪುಟ ಸಮಯಕ್ಕೆ ಸರಿಯಾಗಿ ಹೋಯಿತು.

ಮರುದಿನ ಒಂದು ಫೋನೂ ಬರಲಿಲ್ಲ. ತಪ್ಪಿಲ್ಲ ಎಂಬುದಕ್ಕೆ ನಮ್ಮಲ್ಲಿ ಅದೇ ಪುರಾವೆ.

ಫೋನ್ ಬಂದದ್ದು ಆ ವರ್ಷದ ನವೆಂಬರಿನಲ್ಲಿ. ಒಬ್ಬ ಹೆಂಗಸಿನ ದನಿ. ಹೆಗ್ಗನಹಳ್ಳಿ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ ಎಂದರು.

"ಮೇಡಂ, ಜುಲೈ ಹದಿಮೂರನೇ ತಾರೀಕು ನಿಮ್ಮ ಕೊನೇ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಅದರ ಕೆಳಗಿನ ಸಾಲು ಬರೆದೋರು ಯಾರು ಅಂತ ಗೊತ್ತಾಗುತ್ತಾ?"

"ನಾನೇ ಬರೆದಿದ್ದು."

"ಓ. ಬೈಕೋಬೇಕು ಅಂತಲೇ ಫೋನ್ ಮಾಡಿದ್ದೆ. ನೀವೇ ಎತ್ತಿದ್ರಲ್ಲ, ಈಗ ಕಷ್ಟ," ಎಂದರು.

ಅವರು ಬೈಯಲಿಲ್ಲ. ನಡೆದದ್ದನ್ನು ವರದಿಯ ಹಾಗೆ ಹೇಳಿದರು. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ, ನಕ್ಷತ್ರ ಹುಟ್ಟುವುದನ್ನು ತೋರಿಸುವ ಮಾದರಿ ಮಾಡಿದ್ದಳು. ಬಸವೇಶ್ವರನಗರದಲ್ಲಿ ನಡೆದ ವಲಯ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದನ್ನು ಒಯ್ದಿದ್ದರು. ಅಲ್ಲಿಂದ ಜಿಲ್ಲಾ ಮಟ್ಟಕ್ಕೆ ಹೋಗುವುದು ಎರಡು ಮಾದರಿಗಳು ಮಾತ್ರ. ಇವಳದು ಮೂರನೆಯದಾಯಿತು. ಮೋಡದ ಒಳಗೆ ಹೇಗಿರುತ್ತದೆ ಎಂದು ಪರೀಕ್ಷಕರು ಕೇಳಿದಾಗ ಬೆಂಕಿ ಇರುತ್ತದೆ ಎಂದು ಉತ್ತರ ಕೊಟ್ಟಿದ್ದಳು.

"ನಾನು ಹೇಳಿಕೊಟ್ಟಿದ್ದು ಚಳಿ ಅಂತ ಮೇಡಂ. ಅವಳು ಮೊದಲು ಮಾಡಿದ್ದೂ ಹಾಗೇನೆ. ಆಮೇಲೆ ಲೈಬ್ರರೀಲಿ ನಿಮ್ಮ ಪೇಪರ್ ತುಣುಕು ಸಿಕ್ಕಿದೆ. ನಂಗೆ ಹೇಳದೆ ಎಲ್ಲಾ ಬದಲಾಯಿಸಿಬಿಟ್ಟಿದ್ದಾಳೆ."

ಹುಟ್ಟುವ ನಕ್ಷತ್ರದ ಸುತ್ತ ಚಳಿ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ನಂಬಲಿಲ್ಲ. ಆದರೆ ನಂಬಲಿಲ್ಲ ಎಂದು ಹೇಳಲೂ ಇಲ್ಲ.

ಅವರು ಕೇಳಿದ್ದು ಇಷ್ಟು. ತಪ್ಪು ಪತ್ರಿಕೆಯದೆಂದು ಪತ್ರಿಕೆಯೇ ಅಚ್ಚು ಹಾಕಿದರೆ, ಹುಡುಗಿಯ ವಿಷಯವನ್ನು ಇನ್ನೊಮ್ಮೆ ನೋಡುವುದಾಗಿ ಪರೀಕ್ಷಕರು ಹೇಳಿದ್ದಾರೆ. ಜಿಲ್ಲಾ ಮಟ್ಟದ ಪಟ್ಟಿ ಶನಿವಾರ ಮಧ್ಯಾಹ್ನ ಹೋಗುತ್ತದೆ. ಅಂದು ಸೋಮವಾರ.

ಮಂಗಳವಾರ ನನಗೆ ವಾರದ ರಜೆ. ವಿಜಯನಗರದಿಂದ ಆಟೊ ಹಿಡಿದು ಮಾಗಡಿ ರಸ್ತೆಯ ಮೇಲೆ ಸುಂಕದಕಟ್ಟೆಯ ತನಕ ಹೋಗಿ, ಅಲ್ಲಿಂದ ಒಳರಸ್ತೆಯಲ್ಲಿ ನಡೆದೆ. ಶಾಲೆಯ ಪ್ರಯೋಗಾಲಯವೆಂದರೆ ಒಂದು ಕಪಾಟು, ಎರಡು ಮೇಜು. ಮೇಜಿನ ಮೇಲೆ ಮಾದರಿ ಇತ್ತು. ಹಳೆಯ ಟಿನ್ ಡಬ್ಬಿಯೊಂದನ್ನು ಅರ್ಧ ಕತ್ತರಿಸಿ ತೆರೆದು, ಸುತ್ತ ಹತ್ತಿ ಅಂಟಿಸಿ, ಹತ್ತಿಗೆ ಕುಂಕುಮದ ನೀರು ಚಿಮುಕಿಸಿ, ಮೇಲೆ ಕಿತ್ತಳೆ ಬಣ್ಣದ ಜಿಲೆಟಿನ್ ಕಾಗದ ಹೊದಿಸಿದ್ದಳು. ಒಳಗಿನ ಬಲ್ಬ್ ಹೊತ್ತಿಸಿದರೆ ಎಲ್ಲ ಧಗಧಗ ಕಾಣುತ್ತಿತ್ತು. ನನ್ನ ಶೀರ್ಷಿಕೆ ಹೇಗಿತ್ತೋ ಹಾಗೇ ಇತ್ತು.

ಹುಡುಗಿಯನ್ನು ಕರೆಸಿದರು. ಎರಡು ಜಡೆ, ನೀಲಿ ಸಮವಸ್ತ್ರ. ಬೆರಳ ಸಂದಿಗಳಲ್ಲಿ ಕಪ್ಪು. ತಾಯಿ ಮನೆಯಲ್ಲಿ ಅಗರಬತ್ತಿ ಹೊಸೆಯುತ್ತಾರೆ, ಶಾಲೆಗೆ ಬರುವ ಮುಂಚೆ ಇವಳೂ ಒಂದಷ್ಟು ಹೊಸೆದು ಬರುತ್ತಾಳೆ ಎಂದು ಶಿಕ್ಷಕಿ ಆಮೇಲೆ ಹೇಳಿದರು. ಅಗರಬತ್ತಿಯ ಹಿಟ್ಟಿಗೆ ಇದ್ದಿಲು ಪುಡಿ ಬೀಳುತ್ತದೆ. ಆ ಕಪ್ಪು ಒಂದೇ ತೊಳೆತಕ್ಕೆ ಹೋಗುವುದಿಲ್ಲ.

"ಇವ್ರೇ ಕಣೇ ಆ ಫೋಟೊ ಕೆಳಗೆ ಬರೆದಿದ್ದು," ಎಂದರು ಶಿಕ್ಷಕಿ.

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಅದನ್ನ ಎಲ್ಲಿ ಓದಿದ್ರಿ ಆಂಟಿ?"

"ಓದಿರಲಿಲ್ಲ. ಬಣ್ಣ ನೋಡಿ ಬರೆದೆ."

"ಬಣ್ಣ ನೋಡಿನಾ?"

"ಹೂಂ."

ಅವಳು ಶಿಕ್ಷಕಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರ ಮುಖವಿತ್ತು. "ಮಿಸ್ ಹೇಳೋದನ್ನ ನಮ್ಮ ಕ್ಲಾಸಿನೋರು ಮಾತ್ರ ಕೇಳ್ತೀವಿ. ಪೇಪರ್ ಊರೆಲ್ಲಾ ಓದುತ್ತೆ. ತಪ್ಪಾಗಿದ್ರೆ ಯಾರಾದ್ರೂ ಒಬ್ರು ಹೇಳಿರೋರು ಅಂದ್ಕೊಂಡೆ. ಅದಕ್ಕೇ ಮಿಸ್ ಹೇಳಿದ್ದನ್ನ ಬಿಟ್ಟೆ."

ನಮ್ಮ ಡೆಸ್ಕಿನ ಪುರಾವೆಯೂ ಅದೇ ಆಗಿತ್ತು.

ಮೊದಲು ಮಾಡಿದ್ದು ಹೇಗಿತ್ತು ಎಂದು ಕೇಳಿದೆ. ಅವಳು ಮೇಜಿನ ಕೆಳಗಿನಿಂದ ಒಂದು ಚೀಲ ಎಳೆದಳು. ಒಳಗೆ ಕಪ್ಪು ಹತ್ತಿ. ಅಮ್ಮನ ಇದ್ದಿಲು ಪುಡಿಯನ್ನು ಹತ್ತಿಗೆ ಉಜ್ಜಿ ಉಜ್ಜಿ ಮಾಡಿದ ಮೋಡ. ಡಬ್ಬಿಯನ್ನು ಆಗ ಕತ್ತರಿಸಿರಲಿಲ್ಲವಂತೆ. ಬಲ್ಬ್ ಪೂರ್ತಿ ಮುಚ್ಚಿದ ಡಬ್ಬಿಯೊಳಗೆ, ಡಬ್ಬಿಯ ಹೊರಗೆಲ್ಲ ಕಪ್ಪು ಹತ್ತಿ.

"ಹಾಗಾದ್ರೆ ಬಲ್ಬ್ ಹತ್ತಿರೋದು ಕಾಣಲ್ಲವಲ್ಲ?"

"ಕಾಣಬಾರದು ಆಂಟಿ. ದೂಳು ಬೆಳಕನ್ನ ಬಿಡಲ್ಲ. ಕೈ ಇಡಬೇಕು. ಬೆಚ್ಚಗಿರುತ್ತೆ. ಆ ದೂರದರ್ಶಕ ನೋಡೋದು ಆ ಬೆಚ್ಚಗಿರೋದನ್ನೇ ಅಂತೆ. ಮಿಸ್ ಹೇಳಿದ್ರು."

ನಾನು ಶಿಕ್ಷಕಿಯನ್ನು ನೋಡಿದೆ. "ಶಾಖ ನೋಡುತ್ತೆ ಅಂತ ಅಷ್ಟೇ ನಾನು ಹೇಳಿದ್ದು," ಎಂದರು ಅವರು. "ಕೈ ಇಡೋದು ಅವಳದೇ ಯೋಚನೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಅದನ್ನ ಕಿತ್ತು ಹಾಕಿ ಈ ಹೋಳಿ ಹಬ್ಬ ಮಾಡಿದ್ದಾಳೆ ನೋಡಿ," ಎಂದರು.

ಬುಧವಾರ ಸುದ್ದಿ ಸಂಪಾದಕರ ಕೋಣೆಗೆ ಹೋದೆ. ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟವಾಗುತ್ತಿದ್ದುದು ಮೂರು ಸಂದರ್ಭಗಳಲ್ಲಿ: ಹೆಸರು ತಪ್ಪಾದರೆ, ತಾರೀಕು ತಪ್ಪಾದರೆ, ಬದುಕಿರುವವರನ್ನು ಸತ್ತರೆಂದು ಬರೆದರೆ. ಇದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಅವರು ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡರು. "ನಾಲ್ಕು ತಿಂಗಳ ಹಿಂದಿನ ಫೋಟೊ ಶೀರ್ಷಿಕೆ."

"ಹೌದು ಸಾರ್."

"ಏಳು ಸಾವಿರ ಜ್ಯೋತಿರ್ವರ್ಷ ದೂರದ್ದು."

"ಏಳು ಸಾವಿರದ ಆರುನೂರು."

"ಅಲ್ಲಿಂದ ಯಾರಾದ್ರೂ ಆಕ್ಷೇಪಣೆ ಕಳಿಸಿದಾರಾ?"

"ಹೆಗ್ಗನಹಳ್ಳಿಯಿಂದ ಬಂದಿದೆ ಸಾರ್."

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹುಡುಗಿಯ ವಿಷಯ ಇನ್ನೊಮ್ಮೆ ಹೇಳಿಸಿಕೊಂಡರು. ಕಪ್ಪು ಹತ್ತಿಯ ವಿಷಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು. "ಸರಿ. ಆದರೆ ಟೀಚರ್ ಹೇಳಿದ್ರು ಅಂತ ಹಾಕಕ್ಕಾಗಲ್ಲ. ಎರಡು ಕಡೆಯಿಂದ ಖಚಿತ ಮಾಡ್ಕೊಂಡು ಬನ್ನಿ. ಒಂದು ಮನುಷ್ಯರ ಬಾಯಿಂದ, ಒಂದು ಅಚ್ಚಿನಲ್ಲಿ. ಗುರುವಾರ ಸಂಜೆಯೊಳಗೆ ಕೊಟ್ರೆ ಶುಕ್ರವಾರದ ಪೇಪರ್‌ನಲ್ಲಿ ಜಾಗ ಮಾಡ್ತೀನಿ."

ಹಾಗೆ ನಾನು ಗುರುವಾರ ಬೆಳಿಗ್ಗೆ ಕೆಂಗೇರಿ ಉಪನಗರಕ್ಕೆ ಹೋದೆ. ಭೌತವಿಜ್ಞಾನ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಅಲ್ಲಿದ್ದರು. ಧಾರವಾಡದ ಕಡೆಯವರು. ಜ್ಞಾನಭಾರತಿಯಲ್ಲಿ ಮೂವತ್ತು ವರ್ಷ ಕಳೆದರೂ ಮಾತು ಬದಲಾಗಿರಲಿಲ್ಲ.

"ಬರ್ರಿ, ಕೂಡ್ರಿ. ಚಹಾ ಆಮ್ಯಾಲೆ. ಮೊದಲ ನಿಮ್ಮ ಬೆಂಕಿ ಬೆಟ್ಟ ತೋರಸ್ರಿ."

ಪುಟ ತೋರಿಸಿದೆ. ಅವರು ಶೀರ್ಷಿಕೆಯನ್ನು ಎರಡು ಸಲ ಓದಿದರು. "ಪ್ರಾಸ ಛಲೋ ಅದ," ಎಂದರು. ಅಷ್ಟೇ ಬೈದದ್ದು.

ಅವರು ಹೇಳಿದ್ದನ್ನು ನಾನು ಅಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆ ಟಿಪ್ಪಣಿಯಿಂದಲೇ ಇಲ್ಲಿ ಕೊಡುತ್ತಿದ್ದೇನೆ.

ನಕ್ಷತ್ರ ಹುಟ್ಟುವ ಮೋಡದ ಒಳಭಾಗ ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗಿರುತ್ತದೆ. ಭೂಮಿಯ ಮೇಲೆ ಅಷ್ಟು ಚಳಿ ಎಲ್ಲೂ ತಾನಾಗಿ ಇಲ್ಲ. ಅದು ಮೋಡವೆಂದರೂ ನಮ್ಮ ಮಳೆಮೋಡದ ಹಾಗಲ್ಲ. ನಾವು ಪ್ರಯೋಗಾಲಯದಲ್ಲಿ ಪಂಪು ಹಚ್ಚಿ ಗಾಳಿ ತೆಗೆದು ಮಾಡುವ ಅತ್ಯುತ್ತಮ ನಿರ್ವಾತಕ್ಕಿಂತಲೂ ಅದು ತೆಳುವು. ಬಹುಪಾಲು ಜಲಜನಕ. ಅದರ ನಡುವೆ ಅಲ್ಲಲ್ಲಿ ದೂಳಿನ ಕಣ. ಕಣವೆಂದರೆ ಹೊಗೆಯ ಕಣದಷ್ಟು.

"ಅಗರಬತ್ತಿ ಹೊಗೆ?" ಎಂದು ಕೇಳಿದೆ.

"ಹೌದ್ರಿ, ಅಷ್ಟ ಸಣ್ಣದು. ಯಾಕ?"

ಹುಡುಗಿಯ ಬೆರಳುಗಳ ವಿಷಯ ಹೇಳಿದೆ. ಅವರು ತಲೆದೂಗಿ ಮುಂದುವರಿದರು.

ಅನಿಲ ಬಿಸಿಯಾಗಿದ್ದರೆ ಅದರ ಕಣಗಳು ಓಡಾಡುತ್ತಿರುತ್ತವೆ. ಓಡಾಡುವುದನ್ನು ಹತ್ತಿರ ತರಲು ಆಗುವುದಿಲ್ಲ. ಚಳಿಯಲ್ಲಿ ಮಾತ್ರ ಅವು ನಿಧಾನವಾಗುತ್ತವೆ. ಆಗ ಮೋಡದ ತನ್ನದೇ ತೂಕ ಕೆಲಸ ಮಾಡಲು ಶುರುಮಾಡುತ್ತದೆ. ಎಲ್ಲೋ ಒಂದು ಕಡೆ ಸ್ವಲ್ಪ ಹೆಚ್ಚು ಸೇರಿಕೊಂಡರೆ, ಆ ಹೆಚ್ಚು ಇನ್ನಷ್ಟನ್ನು ಎಳೆಯುತ್ತದೆ. ಎಳೆದಷ್ಟೂ ಭಾರ, ಭಾರವಾದಷ್ಟೂ ಎಳೆತ. ಕುಸಿಯುತ್ತಾ ಹೋದಂತೆ ನಡುಭಾಗ ಬಿಸಿಯಾಗುತ್ತದೆ. ತಿರುಗಲು ಶುರುವಾಗುತ್ತದೆ, ಸುತ್ತ ಒಂದು ತಟ್ಟೆ ಏರ್ಪಡುತ್ತದೆ. ಲಕ್ಷಾಂತರ ವರ್ಷಗಳಾದ ಮೇಲೂ ಹೊರಗಿನವರಿಗೆ ಏನೂ ಕಾಣುವುದಿಲ್ಲ, ಏಕೆಂದರೆ ದೂಳು ಮುಚ್ಚಿರುತ್ತದೆ. ಶಾಖ ಮಾತ್ರ ಹೊರಗೆ ಬರುತ್ತದೆ. ಕೋಟಿಗಟ್ಟಲೆ ವರ್ಷ ಕಳೆದು ನಡುಭಾಗ ಒಂದು ಕೋಟಿ ಡಿಗ್ರಿಯಷ್ಟು ಕಾದಾಗ ಜಲಜನಕ ಕೂಡಿಕೊಳ್ಳುವುದು ಶುರುವಾಗುತ್ತದೆ. ಅದು ನಕ್ಷತ್ರ. ಅಲ್ಲಿಯ ತನಕ ಅದು ತನ್ನ ಭಾರದಿಂದ ಬೆಚ್ಚಗಾಗುತ್ತಿರುವ ಒಂದು ಉಂಡೆ, ಅಷ್ಟೆ.

"ನಿಮ್ಮ ಬೆಂಕಿ ಪೂರಾ ಸುಳ್ಳಲ್ಲ ನೋಡ್ರಿ," ಎಂದರು. "ಆ ಬೆಟ್ಟದ ಅಂಚು ಸುಡತದ. ಮೊದಲ ಹುಟ್ಟಿದ ದೊಡ್ಡ ನಕ್ಷತ್ರಗಳು ಅದನ್ನ ಹೊರಗಿಂದ ಸುಡಾಕ ಹತ್ಯಾವ. ನೀವು ಬರದದ್ದು ಅಂಚಿಗೆ ಸರಿ. ಒಡಲು ಅಂದ್ರಲ್ಲ, ಅಲ್ಲೇ ತಪ್ಪಾತು. ಒಡಲಾಗ ಚಳಿ."

ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಕಿಟಕಿಯ ಹೊರಗೆ ತರಕಾರಿ ಗಾಡಿಯವನು ಧ್ವನಿವರ್ಧಕದಲ್ಲಿ ಈರುಳ್ಳಿ, ಟೊಮೆಟೊ ಎಂದು ಹೋಗುತ್ತಿದ್ದ. ನವೆಂಬರಿನ ಬಿಸಿಲು ಹಿತವಾಗಿತ್ತು. ಆ ಬಿಸಿಲನ್ನು ಕಳಿಸುತ್ತಿರುವ ಸೂರ್ಯನೂ ಅಂಥದೇ ಚಳಿಯೊಳಗೆ ಸುಮಾರು 460 ಕೋಟಿ ವರ್ಷಗಳ ಹಿಂದೆ ಸೇರಿಕೊಳ್ಳತೊಡಗಿದ್ದು ಎಂದು ಪ್ರಾಧ್ಯಾಪಕರು ಹೇಳಿದರು. ಟೊಮೆಟೊ, ಗಾಡಿ, ಗಾಡಿಯವನು, ಧ್ವನಿವರ್ಧಕದ ತಗಡು ಎಲ್ಲವೂ ಆಗ ಆ ತಟ್ಟೆಯ ದೂಳಿನಲ್ಲಿ ಇದ್ದವು ಎಂದರು. ಯಾವುದೂ ಹೊರಗಿನಿಂದ ಆಮೇಲೆ ಬಂದದ್ದಲ್ಲವೇ ಎಂದು ಕೇಳಿದೆ. "ಹೆಚ್ಚುಕಮ್ಮಿ ಎಲ್ಲಾ ಅಲ್ಲೇ ಇತ್ತು," ಎಂದರು. ನಾನು ನನ್ನ ಕೈ ನೋಡಿಕೊಂಡೆ. ಇಪ್ಪತ್ತು ವರ್ಷ ಸಾವಿರಾರು ಶೀರ್ಷಿಕೆ ಬರೆದ ಕೈ. ಕೇಳಿಸಿಕೊಳ್ಳುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಅವರ ಶ್ರೀಮತಿಯವರು ಚಹಾ ತಂದಿಟ್ಟದ್ದೂ ಅದು ಆರಿದ್ದೂ ಗೊತ್ತಾಗಲಿಲ್ಲ.

ಅವರು ಕಪಾಟಿನಿಂದ ಪಠ್ಯಪುಸ್ತಕ ತೆಗೆದು, ಬೇಕಾದ ಪುಟಕ್ಕೆ ಬಸ್ ಟಿಕೆಟ್ ಇಟ್ಟು ಕೊಟ್ಟರು. ಮನುಷ್ಯರ ಬಾಯಿಂದ ಒಂದು, ಅಚ್ಚಿನಲ್ಲಿ ಒಂದು.

ಸಂಜೆ ತಿದ್ದುಪಡಿ ಬರೆಯಲು ಕೂತೆ. ಮೊದಲ ಕರಡು ಎಂಬತ್ತು ಪದವಾಯಿತು. ಸುದ್ದಿ ಸಂಪಾದಕರು ವಾಪಸ್ ಕಳಿಸಿದರು. ಎರಡನೆಯದರಲ್ಲಿ 260 ಡಿಗ್ರಿಯನ್ನೂ ಹೊಗೆಯ ಕಣವನ್ನೂ ಸೂರ್ಯನನ್ನೂ ತೆಗೆದೆ. ಅದೂ ಉದ್ದವಾಯಿತು. ಆ ಬೆಳಿಗ್ಗೆ ಕೇಳಿದ್ದರಲ್ಲಿ ಯಾವುದನ್ನು ಉಳಿಸಬೇಕು ಎಂಬುದು ಅಷ್ಟು ಕಷ್ಟವಾದದ್ದು ನನಗೆ ಬೇರೆ ಯಾವ ಸುದ್ದಿಯಲ್ಲೂ ನೆನಪಿಲ್ಲ. ಕೊನೆಗೆ ಉಳಿದದ್ದು ಇದು:

'ತಿದ್ದುಪಡಿ: ಜುಲೈ 13ರ ಸಂಚಿಕೆಯ ಕೊನೆಯ ಪುಟದ ಚಿತ್ರದೊಂದಿಗೆ, ನಕ್ಷತ್ರಗಳು ಉರಿಯುವ ಅನಿಲದ ಒಡಲಲ್ಲಿ ಹುಟ್ಟುತ್ತವೆ ಎಂದು ತಪ್ಪಾಗಿ ಪ್ರಕಟವಾಗಿದೆ. ಅವು ಹುಟ್ಟುವುದು ಅನಿಲ ಮತ್ತು ದೂಳಿನ ಕತ್ತಲ ಮೋಡಗಳ ಅತಿ ಶೀತಲ ಒಳಭಾಗದಲ್ಲಿ. ತಪ್ಪಿಗೆ ವಿಷಾದಿಸುತ್ತೇವೆ.'

ಶುಕ್ರವಾರ ಐದನೇ ಪುಟದ ಕೆಳಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಯೊಂದರ ಪಕ್ಕ ಅದು ಬಂತು.

ಬೆಳಿಗ್ಗೆ ಏಳಕ್ಕೇ ಶಿಕ್ಷಕಿಯ ಫೋನ್. "ಮೇಡಂ, ನೋಡಿದೆ. ಅವಳು ರಾತ್ರಿಯೇ ಜಿಲೆಟಿನ್ ಕಿತ್ತುಹಾಕಿದ್ದಾಳೆ. ಡಬ್ಬಿ ಹೊಸದು ಬೇಕು, ಅವರಮ್ಮ ಬೇಳೆ ಡಬ್ಬಿ ಖಾಲಿ ಮಾಡಿ ಕೊಟ್ಟಿದಾರೆ. ನಾಳೆ ಹತ್ತು ಗಂಟೆಗೆ ಬನ್ನಿ ಅಂದಿದಾರೆ ಪರೀಕ್ಷಕರು. ನೀವೂ ಬರ್ತೀರಾ?"

ಶನಿವಾರ ಬಸವೇಶ್ವರನಗರದ ಆ ಶಾಲೆಯ ಕಚೇರಿಯಲ್ಲಿ ನಾವು ಐದು ಜನ ಇದ್ದೆವು. ಪರೀಕ್ಷಕರು, ಶಿಕ್ಷಕಿ, ಹುಡುಗಿ, ಅವಳ ತಾಯಿ ಮತ್ತು ಪತ್ರಿಕೆಯ ಪ್ರತಿ ಹಿಡಿದುಕೊಂಡು ನಾನು. ಪರೀಕ್ಷಕರು ಬೇರೊಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಐವತ್ತು ದಾಟಿದವರು, ಮಾತು ಕಡಿಮೆ. ತಿದ್ದುಪಡಿಯನ್ನು ಓದಿ ಕತ್ತರಿಸಿ ಕಡತಕ್ಕೆ ಪಿನ್ ಮಾಡಿದರು.

"ಇದರಿಂದ ಅಂಕ ಬದಲಾಗಲ್ಲ," ಎಂದರು. "ಪೇಪರ್ ನಂಬಿದ್ದು ತಪ್ಪಲ್ಲ. ಆದರೆ ವಿಷಯ ಗೊತ್ತಿದೆಯೋ ಇಲ್ಲವೋ ನನಗೆ ಅಷ್ಟೇ ಬೇಕು. ಅದೇ ಪ್ರಶ್ನೆ ಇನ್ನೊಂದು ಸಲ ಕೇಳ್ತೀನಿ. ಉತ್ತರ ಸರಿ ಇದ್ದರೆ ಮೂರನೇದನ್ನೂ ಕಳಿಸಬಹುದಾ ಅಂತ ಮೇಲಿನವರನ್ನ ಕೇಳಿದೀನಿ, ಆಗಬಹುದು ಅಂದಿದಾರೆ."

ಮೇಜಿನ ಮೇಲೆ ಕಪ್ಪು ಹತ್ತಿಯ ಉಂಡೆ ಇತ್ತು. ವೈರು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಸ್ವಿಚ್ಚು ಹಾಕಿರಲಿಲ್ಲ. ತಾಯಿ ಬಾಗಿಲ ಬಳಿಯೇ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಹೇಳಮ್ಮ," ಎಂದರು ಪರೀಕ್ಷಕರು. "ಈ ಮೋಡದ ಒಳಗೆ ಬಿಸಿಯೋ, ತಣ್ಣಗೋ?"

ತಣ್ಣಗೆ ಎಂದು ಅವಳು ಹೇಳಿದ್ದರೆ ಸಾಕಿತ್ತು. ತಿದ್ದುಪಡಿಯಲ್ಲಿ ಇದ್ದದ್ದೇ ಅಷ್ಟು. ಶಿಕ್ಷಕಿ ಅವಳನ್ನೇ ನೋಡುತ್ತಿದ್ದರು.

"ಯಾವಾಗ ಸಾರ್?" ಎಂದಳು ಹುಡುಗಿ.

"ಯಾವಾಗ ಅಂದ್ರೆ?"

"ಮೊದಲು ಬೇರೆ, ಆಮೇಲೆ ಬೇರೆ ಸಾರ್. ಕೈ ಇಟ್ಟು ನೋಡಿ."

ಪರೀಕ್ಷಕರು ಶಿಕ್ಷಕಿಯ ಕಡೆ ನೋಡಿದರು. ಶಿಕ್ಷಕಿ ನೆಲ ನೋಡಿದರು. ಪರೀಕ್ಷಕರು ಅಂಗಿಯ ತೋಳು ಮಡಿಸಿ ಕಪ್ಪು ಹತ್ತಿಯೊಳಗೆ ಕೈ ತೂರಿಸಿ ಡಬ್ಬಿಯನ್ನು ಮುಟ್ಟಿದರು.

"ತಣ್ಣಗಿದೆ."

"ಶುರುವಾಗೋದು ಹೀಗೆ ಸಾರ್. ತಣ್ಣಗಿದ್ರೇನೇ ಶುರುವಾಗೋದು. ಬಿಸಿ ಇದ್ರೆ ಕಣಗಳು ಸುಮ್ಮನೆ ನಿಲ್ಲಲ್ಲ, ಪಿ.ಟಿ. ಪೀರಿಯಡ್‌ನಲ್ಲಿ ನಾವು ನಿಲ್ಲಲ್ವಲ್ಲ ಹಾಗೆ." ಅವಳು ಹೋಗಿ ಸ್ವಿಚ್ಚು ಹಾಕಿದಳು. ಏನೂ ಕಾಣಲಿಲ್ಲ. ಮೋಡ ಮೊದಲಿದ್ದ ಹಾಗೇ ಕಪ್ಪಗಿತ್ತು. "ಈಗ ಒಳಗಿರೋದು ಕುಸೀತಾ ಇದೆ ಸಾರ್. ಕಾಯ್ಬೇಕು. ಅಲ್ಲಿ ಲಕ್ಷಗಟ್ಟಲೆ ವರ್ಷ. ಇಲ್ಲಿ ಹತ್ತು ನಿಮಿಷ."

"ಹತ್ತು ನಿಮಿಷ ಎಲ್ರೂ ಸುಮ್ಮನೆ ಕೂತಿರೋದಾ?"

"ಹೌದು ಸಾರ್."

ಬಾಗಿಲ ಬಳಿಯಿಂದ ತಾಯಿ, "ಏ, ಸಾರ್‌ಗೆ ಬೇರೆ ಕೆಲಸ ಇರಲ್ವೇನೇ?" ಎಂದರು.

"ಇರ್ಲಿ ಬಿಡಿಮ್ಮ," ಎಂದರು ಪರೀಕ್ಷಕರು. ಕುರ್ಚಿಗೆ ಒರಗಿ ಗಡಿಯಾರ ನೋಡಿದರು.

ಹತ್ತು ನಿಮಿಷ ಉದ್ದವಾದದ್ದು. ಹೊರಗೆ ಯಾರೋ ಸ್ಕೂಟರ್ ಶುರು ಮಾಡಲು ಒದ್ದಾಡುತ್ತಿದ್ದರು. ಕಚೇರಿಯ ಸಹಾಯಕಿ ಟೀ ತಂದು, ನಾವೆಲ್ಲ ಒಂದು ಕಪ್ಪು ಹತ್ತಿಯ ಉಂಡೆಯನ್ನು ನೋಡುತ್ತಾ ಕೂತಿರುವುದನ್ನು ಕಂಡು, ತಾನೂ ನಿಂತು ನೋಡಿದರು. "ಏನಾಗುತ್ತೆ ಇದು?" ಎಂದು ಕೇಳಿದರು. "ಏನೂ ಆಗಿರೋದು ಕಾಣಲ್ಲ ಆಂಟಿ," ಎಂದಳು ಹುಡುಗಿ. ಅವರು ಹೋಗಲಿಲ್ಲ.

ನಾನು ಜುಲೈಯ ಆ ರಾತ್ರಿಯನ್ನು ನೆನೆಯುತ್ತಿದ್ದೆ. ಅಂದು ನಾವೆಲ್ಲ ಪರದೆಯ ಸುತ್ತ ನಿಂತು ನೋಡಿದ್ದು ಬಣ್ಣವನ್ನು. ಮನುಷ್ಯರ ಕಣ್ಣಿಗೆ ಕಾಣದ ಶಾಖವನ್ನು ದೂರದರ್ಶಕ ಹಿಡಿದಿತ್ತು. ಅದಕ್ಕೆ ನಮಗೆ ಕಾಣುವ ಬಣ್ಣಗಳನ್ನು ಯಾರೋ ಕೂತು ಹಚ್ಚಿದ್ದರು. ಅದು ಟಿಪ್ಪಣಿಯ ಕೊನೆಯ ಭಾಗದಲ್ಲಿತ್ತು. ಈ ಹುಡುಗಿ ಬಣ್ಣವನ್ನು ಬಿಟ್ಟು ನೇರವಾಗಿ ಶಾಖಕ್ಕೆ ಹೋಗಿದ್ದಳು, ಬೇಳೆ ಡಬ್ಬಿ ಮತ್ತು ಇದ್ದಿಲು ಪುಡಿ ಹಿಡಿದುಕೊಂಡು.

"ಈಗ ಸಾರ್," ಎಂದಳು.

ಪರೀಕ್ಷಕರು ಮತ್ತೆ ಹತ್ತಿಯೊಳಗೆ ಕೈ ತೂರಿಸಿದರು. ಕೋಣೆಯ ಬೆಳಕಿನಲ್ಲಿ ಆ ಉಂಡೆ ಕಪ್ಪಗೇ ಇತ್ತು, ಎಲ್ಲಿಂದಲೂ ಒಂದು ಕಿರಣ ಹೊರಬಂದಿರಲಿಲ್ಲ. ಅವರು ಕಣ್ಣು ಮುಚ್ಚಿದರು. ಬೇಗ ಕೈ ತೆಗೆಯಲಿಲ್ಲ.

"ಒಳಗೆ ಹತ್ತಿಕೊಂಡಿದೆ," ಎಂದರು ಕೊನೆಗೆ. ದನಿ ಮೆತ್ತಗಿತ್ತು.

"ಹತ್ತಕ್ಕೆ ಇನ್ನೂ ತುಂಬಾ ಟೈಮಿದೆ ಸಾರ್," ಎಂದಳು ಹುಡುಗಿ. "ಇದು ಬರೀ ಬೆಚ್ಚಗಾಗಿರೋದು. ನಿಜವಾಗಿ ಹತ್ತೋದನ್ನ ತೋರಿಸಕ್ಕೆ ನನಗೆ ಗೊತ್ತಾಗಲಿಲ್ಲ."

ಪರೀಕ್ಷಕರು ಅವಳ ಮುಖ ನೋಡಿದರು. ಕೈಗೆ ಮೆತ್ತಿದ್ದ ಇದ್ದಿಲನ್ನು ಒರೆಸಿಕೊಳ್ಳದೆ ಪೆನ್ನು ತೆಗೆದುಕೊಂಡು ಪಟ್ಟಿಗೆ ಮೂರನೆಯ ಹೆಸರು ಸೇರಿಸಿದರು. ಕಾಗದದ ಅಂಚಿನಲ್ಲಿ ಅವರ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು. ಬೇರೆ ಪ್ರತಿ ಮಾಡಲಾ ಎಂದು ಸಹಾಯಕಿ ಕೇಳಿದರು. ಬೇಡ, ಹೀಗೇ ಹೋಗಲಿ ಎಂದರು.

ಹೊರಗೆ ಬಂದಾಗ ತಾಯಿ ನನ್ನ ಬಳಿ ಬಂದರು. "ಪೇಪರ್‌ನಲ್ಲಿ ಇವಳ ಹೆಸರು ಬರುತ್ತಾ ಅಮ್ಮಾ?" ಎಂದು ಕೇಳಿದರು. ಜಿಲ್ಲಾ ಮಟ್ಟದಲ್ಲಿ ಗೆದ್ದರೆ ಬರುತ್ತದೆ ಎಂದೆ. "ಹೋಗ್ಲಿ ಬಿಡಿ. ಬಂದ್ರೆ ಸರಿಯಾಗಿ ಬರೀರಿ," ಎಂದರು. ಆಮೇಲೆ ಮಗಳಿಗೆ, "ಅರ್ಧ ಸೇರು ಇದ್ದಿಲು ಪುಡಿ ತಗೊಂಡಿದೀಯ, ನೆನಪಿರ್ಲಿ," ಎಂದರು. ಹುಡುಗಿ ಕೈಯೆರಡನ್ನೂ ಎತ್ತಿ ತೋರಿಸಿ, "ಎಲ್ಲಾ ಇಲ್ಲೇ ಇದೆಯಲ್ಲಮ್ಮಾ," ಎಂದಳು.

ಜಿಲ್ಲಾ ಮಟ್ಟದಲ್ಲಿ ಅದಕ್ಕೆ ಬಹುಮಾನ ಬರಲಿಲ್ಲ. ನಾನು ಎರಡನೆಯ ದಿನ ಮಧ್ಯಾಹ್ನ ಹೋಗಿದ್ದೆ. ಸುತ್ತಲಿನ ಮಾದರಿಗಳಲ್ಲಿ ದೀಪ ಮಿನುಗುತ್ತಿದ್ದವು, ಚಕ್ರ ತಿರುಗುತ್ತಿದ್ದವು. ಇವಳ ಮೇಜಿನ ಮುಂದೆ ಜನ ಒಂದು ಕೈಯನ್ನು ಕಪ್ಪು ಹತ್ತಿಯೊಳಗೆ ತೂರಿಸಿ ಸುಮ್ಮನೆ ನಿಂತಿದ್ದರು. ಅವರ ಹಿಂದೆ ಸಾಲಿತ್ತು. ಪ್ರದರ್ಶನ ಮುಗಿಯುವ ಹೊತ್ತಿಗೆ ಆ ಸಭಾಂಗಣದ ಬಾಗಿಲಿನ ಹಿಡಿಕೆಯಲ್ಲೂ ನೀರಿನ ನಲ್ಲಿಯ ಮೇಲೂ ಇದ್ದಿಲಿನ ಬೆರಳಚ್ಚು ಇದ್ದವು.

ಫೆಬ್ರುವರಿಯ ಒಂದು ಸಂಜೆ, ಏಳು ಗಂಟೆಯ ಹೊತ್ತಿಗೆ, ಪ್ರಾಧ್ಯಾಪಕರು ತಮ್ಮ ಹಳೆಯ ದುರ್ಬೀನು ತೆಗೆದುಕೊಂಡು ಹೆಗ್ಗನಹಳ್ಳಿಯ ಆ ಶಾಲೆಯ ತಾರಸಿಗೆ ಬಂದರು. ಕಾರ್ಖಾನೆಗಳ ದೀಪ, ಮಾಗಡಿ ರಸ್ತೆಯ ದೀಪ ಎಲ್ಲ ಸೇರಿ ಆಕಾಶ ಬೂದಿ ಬಣ್ಣಕ್ಕಿತ್ತು. ಆದರೂ ಒಂದೇ ಸಾಲಿನ ಮೂರು ನಕ್ಷತ್ರಗಳು ಕಾಣುತ್ತಿದ್ದವು. ಅವುಗಳ ಕೆಳಗೆ, ಮಸುಕಾದ ಚುಕ್ಕಿಗಳ ನಡುವೆ ಒಂದನ್ನು ತೋರಿಸಿ, ಅದು ನಕ್ಷತ್ರವಲ್ಲ, ನೋಡ್ರಿ ಎಂದರು. ಸರದಿಯಲ್ಲಿ ನೋಡಿದೆವು. ದುರ್ಬೀನಿನಲ್ಲಿ ಅದು ಗಾಜಿನ ಮೇಲೆ ಬಿಟ್ಟ ಉಸಿರಿನ ಹಾಗಿತ್ತು. ಸುಮಾರು 1,300 ವರ್ಷಗಳ ಹಿಂದೆ ಹೊರಟ ಬೆಳಕು. ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಹುಡುಗಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ದುರ್ಬೀನು ಕೆಳಗಿಳಿಸಿ, ಬರಿಗಣ್ಣಿನಿಂದ ಅದೇ ಜಾಗವನ್ನು ಹುಡುಕಿಕೊಂಡು, ಅಂಗೈಯನ್ನು ಆ ಕಡೆಗೆ ಚಾಚಿ ಹಿಡಿದಳು.

ಈಗ ಅವಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ನಾನು ನಿವೃತ್ತಳಾಗಿದ್ದೇನೆ. ಮಾದರಿ ಶಾಲೆಯ ಕಪಾಟಿನಲ್ಲಿದೆ, ಪಕ್ಕದಲ್ಲಿ ತಿದ್ದುಪಡಿಯ ತುಣುಕು ಅಂಟಿಸಿದೆ. ಕಳೆದ ಜೂನ್‌ನಲ್ಲಿ ಅದರ ಬಲ್ಬ್ ಸುಟ್ಟಿತು. ಮೊದಲು ಎಲ್‌ಇಡಿ ಬಲ್ಬ್ ಹಾಕಿದರು, ಡಬ್ಬಿ ಬೆಚ್ಚಗಾಗಲಿಲ್ಲ. ತಂತಿ ಕಾಯುವ ಹಳೆಯ ಬಗೆಯ ಬಲ್ಬಿಗಾಗಿ ಶಿಕ್ಷಕಿ ರಾಜಾಜಿನಗರವೆಲ್ಲ ಸುತ್ತಿದರು. ಕಾಮಾಕ್ಷಿಪಾಳ್ಯದ ಒಂದು ಅಂಗಡಿಯಲ್ಲಿ ಎರಡು ಉಳಿದಿದ್ದವು, ಎರಡನ್ನೂ ತಂದರು. ಒಂದನ್ನು ಹಾಕಿದ್ದಾರೆ. ಡಬ್ಬಿ ಬೆಚ್ಚಗಾಗಲು ಈಗ ಹನ್ನೊಂದು ನಿಮಿಷ ಹಿಡಿಯುತ್ತದೆ.